ಸೋಲಾರ್ ದೀಪಕ್ಕೆ ಎಷ್ಟು ದಪ್ಪದ ವೈರು?



ಮನೆ ಮೇಲೆ ಸೋಲಾರ್ ಹಾಕಿಸುವವರು ಈಗ ಹೆಚ್ಚಾಗಿದ್ದಾರೆ. ಕೆಲವರು ಸಂಘದಲ್ಲಿ ಸಾಲ ಮಾಡಿ ಹಾಕಿಸುತ್ತಾರೆ. ಕೆಲವರು ಬ್ಯಾಂಕಿನಲ್ಲಿ ಸಾಲ ಮಾಡುತ್ತಾರೆ. ಹಾಕಿಸುವಾಗ ಎಲ್ಲಾ ವಿಚಾರಿಸುತ್ತೇವೆ. ಪ್ಯಾನೆಲ್ ಯಾವ ಕಂಪನಿಯದು? ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಎಷ್ಟು ದೀಪ ಉರಿಯುತ್ತೆ? ಆದರೆ ವೈರು ಎಷ್ಟು ದಪ್ಪ ಅಂತ ಯಾರೂ ಕೇಳುವುದಿಲ್ಲ. ವೈರು ಅಂದರೆ ವೈರು, ಅದರಲ್ಲಿ ಕೇಳೋದೇನಿದೆ ಅನ್ನಿಸುತ್ತೆ.

ಕೇಳೋದು ಬಹಳ ಇದೆ. ಎಷ್ಟೋ ಮನೆಗಳಲ್ಲಿ ಹೀಗಾಗುತ್ತೆ. ಮೊದಲ ವರ್ಷ ದೀಪ ಚೆನ್ನಾಗಿ ಉರಿಯುತ್ತೆ. ಎರಡನೇ ವರ್ಷ ರಾತ್ರಿ ಒಂಬತ್ತಕ್ಕೇ ಮಂಕಾಗುತ್ತೆ. ಮೂರನೇ ವರ್ಷ ಬ್ಯಾಟರಿ ಸತ್ತೇ ಹೋಯಿತು ಅನ್ನುತ್ತಾರೆ. ಸಾಲದ ಕಂತು ಮಾತ್ರ ಇನ್ನೂ ಮುಗಿದಿರುವುದಿಲ್ಲ. ಮನೆಯವರು ಪ್ಯಾನೆಲನ್ನು ಬೈಯುತ್ತಾರೆ, ಬ್ಯಾಟರಿಯನ್ನು ಬೈಯುತ್ತಾರೆ. ಕೆಲವು ಮನೆಗಳಲ್ಲಿ ತಪ್ಪು ಆ ಎರಡರದ್ದೂ ಅಲ್ಲ, ನಡುವೆ ಹಾಕಿದ ಸಣ್ಣ ವೈರಿನದು.

ಈ ಪಾಠದಲ್ಲಿ ವೈರಿನ ಲೆಕ್ಕ ಕಲಿಯೋಣ. ನಿಮಗೆ ಗುಣಾಕಾರ ಬರುತ್ತೆ. ರೂಪಾಯಿ ಪೈಸೆ ಲೆಕ್ಕ ಬರುತ್ತೆ. ಸಂಘದ ಬಡ್ಡಿ ಲೆಕ್ಕ ಬರುತ್ತೆ. ಅಷ್ಟು ಸಾಕು.

ನಲ್ಲಿ ನೀರಿನ ಹಾಗೆ

ಊರಿನ ಓವರ್‌ಹೆಡ್ ಟ್ಯಾಂಕಿನಿಂದ ನೀರು ಬಿಡುತ್ತಾರೆ. ಟ್ಯಾಂಕಿನ ಪಕ್ಕದ ಮನೆಯ ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತೆ. ಬೀದಿಯ ಕೊನೆ ಮನೆಯಲ್ಲಿ ಸಣ್ಣಗೆ ಬರುತ್ತೆ. ಪೈಪು ಸಣ್ಣದಿದ್ದರಂತೂ ಕೊಡ ತುಂಬುವಷ್ಟರಲ್ಲಿ ಸಾಕು ಸಾಕಾಗುತ್ತೆ. ಟ್ಯಾಂಕಿನಲ್ಲಿ ನೀರು ಕಡಿಮೆಯಾಗಿದೆಯೇ? ಇಲ್ಲ. ನೀರಿನ ರಭಸ ದಾರಿಯಲ್ಲೇ ಕಳೆದುಹೋಗಿದೆ.

ಕರೆಂಟೂ ಹಾಗೇ. ವೋಲ್ಟ್ ಅಂದರೆ ರಭಸ. ಆಂಪಿಯರ್ ಅಂದರೆ ಹರಿಯುವ ಪ್ರಮಾಣ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುತ್ತೆ. ವ್ಯಾಟ್ ಅಂದರೆ ಒಟ್ಟು ಶಕ್ತಿ. ಈ ಮೂರು ಮಾತು ನೆನಪಿಡಿ. ವೋಲ್ಟ್, ಆಂಪಿಯರ್, ವ್ಯಾಟ್.

ವೈರು ಅಂದರೆ ಪೈಪು. ಉದ್ದ ಹೆಚ್ಚಾದರೆ ವೋಲ್ಟ್ ನಷ್ಟ ಹೆಚ್ಚು. ವೈರು ಸಣ್ಣದಾದರೆ ನಷ್ಟ ಹೆಚ್ಚು. ಹರಿಯುವ ಆಂಪಿಯರ್ ಜಾಸ್ತಿಯಾದರೂ ನಷ್ಟ ಹೆಚ್ಚು. ಹೀಗೆ ನಷ್ಟವಾದ ಶಕ್ತಿ ಎಲ್ಲಿ ಹೋಗುತ್ತೆ? ವೈರನ್ನು ಬಿಸಿ ಮಾಡುತ್ತೆ. ನಾವು ಸಾಲ ಮಾಡಿ ತಂದ ಪ್ಯಾನೆಲಿನ ಶಕ್ತಿ ಗೋಡೆ ಬೆಚ್ಚಗೆ ಮಾಡುವುದಕ್ಕೆ ಖರ್ಚಾಗುತ್ತೆ!

ಮನೆ ಕರೆಂಟಿಗೆ ಹಾಕಿದ ವೈರು ಇದಕ್ಕೇಕೆ ಆಗದು?

ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಈ ಪ್ರಶ್ನೆ ಕೇಳಿದರು. ‘ಮನೇಲಿ ಮಿಕ್ಸಿ, ಟಿವಿ, ಇಸ್ತ್ರಿ ಪೆಟ್ಟಿಗೆ ಎಲ್ಲಾ ಸಣ್ಣ ವೈರಲ್ಲೇ ನಡೆಯುತ್ತೆ. ಎರಡು ಸೋಲಾರ್ ದೀಪಕ್ಕೆ ದಪ್ಪ ವೈರು ಯಾಕೆ ಟೀಚರ್?’ ಬಹಳ ಒಳ್ಳೆಯ ಪ್ರಶ್ನೆ. ವೈರಿಂಗ್ ಮಾಡುವವರೇ ಕೆಲವರು ಇದನ್ನು ಯೋಚಿಸುವುದಿಲ್ಲ.

ಮನೆ ಕರೆಂಟು 230 ವೋಲ್ಟ್. ಸಣ್ಣ ಸೋಲಾರ್ ದೀಪದ ಬ್ಯಾಟರಿ 12 ವೋಲ್ಟ್. 60 ವ್ಯಾಟಿನ ಒಂದು ಸಾಮಾನು ಇದೆ ಅನ್ನಿ. ಮನೆ ಕರೆಂಟಿನಲ್ಲಿ ಅದಕ್ಕೆ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ ಅದಕ್ಕೇ 5 ಆಂಪಿಯರ್ ಬೇಕು. ಐದು ಹನ್ನೆರಡಲೆ ಅರವತ್ತು, ನೋಡಿ. ಅಂದರೆ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ಕರೆಂಟು ಅದೇ ವೈರಿನಲ್ಲಿ ಹರಿಯಬೇಕು.

ಇನ್ನೊಂದು ಮಾತು. 230 ರೂಪಾಯಿ ಇಟ್ಟುಕೊಂಡು ಸಂತೆಗೆ ಹೋದಿರಿ. ದಾರಿಯಲ್ಲಿ 1 ರೂಪಾಯಿ ಬಿದ್ದುಹೋಯಿತು. ಗೊತ್ತೇ ಆಗುವುದಿಲ್ಲ. 12 ರೂಪಾಯಿ ಇಟ್ಟುಕೊಂಡು ಹೋದಿರಿ. 1 ರೂಪಾಯಿ ಬಿದ್ದುಹೋಯಿತು. ಆಗ ಗೊತ್ತಾಗುತ್ತೆ. ವೋಲ್ಟಿನ ಕತೆಯೂ ಅದೇ.

ಪ್ಯಾನೆಲಿನ ಹಿಂದೆ ಬರೆದಿರುತ್ತೆ

ಪ್ರತಿ ಪ್ಯಾನೆಲಿನ ಹಿಂಬದಿ ಒಂದು ಚೀಟಿ ಅಂಟಿಸಿರುತ್ತಾರೆ. ಮೇಲೆ ಕೂರಿಸುವ ಮೊದಲೇ ಅದನ್ನು ಓದಿಕೊಳ್ಳಿ. ಕೂರಿಸಿದ ಮೇಲೆ ಕಾಣುವುದಿಲ್ಲ. ಚೀಟಿ ಇಂಗ್ಲಿಷಿನಲ್ಲಿ ಇರುತ್ತೆ. ಹೆದರಬೇಡಿ. ಅಂಕಿ ನಿಮಗೆ ಬರುತ್ತೆ. ಮೂರು ಅಕ್ಷರ ಗುರುತಿಟ್ಟುಕೊಂಡರೆ ಸಾಕು.

ಕೆಳಗೆ ಚೂಪಾಗಿ, ಬುಗುರಿ ನಿಂತ ಹಾಗೆ ಇರುವ ಅಕ್ಷರ ‘ವಿ’. ಅದು ವೋಲ್ಟ್. ಮನೆ ಸೂರಿನ ಹಾಗೆ ಮೇಲೆ ಚೂಪು, ನಡುವೆ ಒಂದು ಅಡ್ಡ ತೊಲೆ. ಅದು ‘ಎ’. ಅಂದರೆ ಆಂಪಿಯರ್. ಎರಡು ‘ವಿ’ ಪಕ್ಕ ಪಕ್ಕ ನಿಂತರೆ ‘ಡಬ್ಲ್ಯು’. ಅದು ವ್ಯಾಟ್.

ಚೀಟಿಯಲ್ಲಿ ವೋಲ್ಟ್ ಎರಡು ಕಡೆ ಇರುತ್ತೆ. ಆಂಪಿಯರ್ ಕೂಡ ಎರಡು ಕಡೆ ಇರುತ್ತೆ. ಗಾಬರಿಯಾಗಬೇಡಿ. ಕಡಿಮೆ ಇರುವ ಅಂಕಿಗಳು ಕೆಲಸ ಮಾಡುವಾಗಿನವು. ಹೆಚ್ಚು ಇರುವ ವೋಲ್ಟು ಏನೂ ಜೋಡಿಸದೆ ಖಾಲಿ ಇರುವಾಗಿನದು. ಹೆಚ್ಚು ಇರುವ ಆಂಪಿಯರು ಎರಡು ತುದಿ ಒಂದಕ್ಕೊಂದು ತಾಗಿದಾಗಿನದು.

ಒಂದು 100 ವ್ಯಾಟಿನ ಪ್ಯಾನೆಲ್ ತಗೊಳ್ಳಿ. ಕೆಲಸ ಮಾಡುವಾಗ ಸುಮಾರು 18 ವೋಲ್ಟ್, ಐದೂವರೆ ಆಂಪಿಯರ್ ಕೊಡುತ್ತೆ. ತಾಗಿದಾಗ ಸುಮಾರು 6 ಆಂಪಿಯರ್. ಅಂಥ ಎರಡು ಪ್ಯಾನೆಲನ್ನು ಜೋಡಿ ಎತ್ತಿನ ಹಾಗೆ ಅಕ್ಕಪಕ್ಕ ಕಟ್ಟಿದರೆ ವೋಲ್ಟ್ 18 ಇದ್ದ ಹಾಗೇ ಇರುತ್ತೆ. ಆಂಪಿಯರ್ ಕೂಡುತ್ತೆ. ಐದೂವರೆಯೂ ಐದೂವರೆಯೂ 11. ಈ 11 ನಮ್ಮ ಲೆಕ್ಕಕ್ಕೆ ಬೇಕು.

ದೂರ ಅಳೆಯುವುದು

ಪ್ಯಾನೆಲಿನಿಂದ ಚಾರ್ಜ್ ಕಂಟ್ರೋಲರಿಗೆ ವೈರು ಬರುತ್ತೆ. ಕಂಟ್ರೋಲರ್ ಅಂದರೆ ಬ್ಯಾಟರಿಗೆ ಕರೆಂಟು ಹೆಚ್ಚೂ ಆಗದ ಹಾಗೆ, ಕಡಿಮೆಯೂ ಆಗದ ಹಾಗೆ ನೋಡಿಕೊಳ್ಳುವ ಡಬ್ಬಿ. ಅಲ್ಲಿಯವರೆಗೆ ಎಷ್ಟು ದೂರ? ಕಣ್ಣಂದಾಜು ಬೇಡ. ಕಣ್ಣಿಗೆ ನೇರ ದಾರಿ ಕಾಣುತ್ತೆ. ವೈರು ನೇರ ಬರುವುದಿಲ್ಲ. ಸೂರಿನ ಅಂಚಿಗೆ ಬಂದು, ಗೋಡೆ ಇಳಿದು, ಕಿಟಕಿ ಸುತ್ತಿ ಬರುತ್ತೆ.

ಟೇಪು ಇಲ್ಲದಿದ್ದರೆ ಹಳೇ ಸೀರೆ ತಗೊಳ್ಳಿ. ಸೀರೆ ಐದೂವರೆ ಮೀಟರ್ ಇರುತ್ತೆ. ಎರಡು ಸೀರೆ ಉದ್ದ ಅಂದರೆ 11 ಮೀಟರ್. ವೈರು ಬರುವ ದಾರಿಯಲ್ಲೇ ಸೀರೆ ಹಿಡಿದು ಅಳೆಯಿರಿ. ಇದನ್ನು ಓದಿ ನಗಬೇಡಿ. ಅಂಗಡಿಯವನು ‘ಇಪ್ಪತ್ತು ಮೀಟರ್ ಬೇಕಾಗುತ್ತೆ’ ಅಂದಾಗ ನೀವು ‘ಇಲ್ಲ, ಹನ್ನೆರಡು ಸಾಕು’ ಅನ್ನಬಹುದು. ಆದರೆ ಒಂದು ತಿಳಿದಿರಲಿ. ಹೋಗುವ ವೈರು ಒಂದು, ಬರುವ ವೈರು ಒಂದು. 12 ಮೀಟರ್ ದೂರ ಅಂದರೆ ಕೊಳ್ಳುವಾಗ 24 ಮೀಟರ್ ಒಂಟಿ ವೈರು ಕೊಳ್ಳಬೇಕು. ಕೆಂಪು 12, ಕಪ್ಪು 12.

ವೈರಿನ ನಂಬರ್ ಅಂದರೆ ಏನು?

ಅಂಗಡಿಯಲ್ಲಿ ‘ಒಂದೂವರೆ ಎಂಎಂ, ಎರಡೂವರೆ ಎಂಎಂ, ನಾಲ್ಕು ಎಂಎಂ’ ಅನ್ನುತ್ತಾರೆ. ಇದು ವೈರಿನ ಅಡ್ಡಳತೆ ಅಲ್ಲ. ಮೂಲಂಗಿಯನ್ನು ಅಡ್ಡ ಕೊಯ್ದರೆ ದುಂಡಗಿನ ಬಿಲ್ಲೆ ಕಾಣುತ್ತೆ. ಒಳಗಿನ ತಾಮ್ರವನ್ನು ಹಾಗೆ ಕೊಯ್ದರೆ ಕಾಣುವ ಬಿಲ್ಲೆಯ ವಿಸ್ತೀರ್ಣ ಅದು. ಚದರ ಮಿಲಿಮೀಟರ್ ಲೆಕ್ಕ. ಬಿಲ್ಲೆ ದೊಡ್ಡದಾದಷ್ಟೂ ಕರೆಂಟಿಗೆ ದಾರಿ ಅಗಲ.

ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಕೆಲವು ಅಗ್ಗದ ವೈರಿನಲ್ಲಿ ಸಿಪ್ಪೆ ದಪ್ಪ, ತಿರುಳು ಸಣ್ಣ. ಕೈಯಲ್ಲಿ ಹಿಡಿದರೆ ದಪ್ಪಗೆ ಕಾಣುತ್ತೆ. ತುದಿ ಸುಲಿದು ನೋಡಬೇಕು. ಹಾಗೇ ಚಾಕುವಿನಿಂದ ಒಂದು ಎಳೆ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂಗೆ ತಾಮ್ರದ ನೀರು ಕೊಟ್ಟಿದ್ದಾರೆ. ಚಿನ್ನದ ನೀರು ಕೊಟ್ಟ ಒಡವೆಯ ಹಾಗೆ. ಅಲ್ಯೂಮಿನಿಯಂನಲ್ಲಿ ನಷ್ಟ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಆದರೆ ಸೋಲಾರ್ ವೈರಿನ ಒಳ್ಳೆ ತಾಮ್ರಕ್ಕೆ ತವರದ ಕಲಾಯಿ ಹಾಕಿರುತ್ತಾರೆ. ಅದು ಹೊರಗೆ ಬೆಳ್ಳಗೆ, ಒಳಗೆ ಕೆಂಪಗೆ ಇರುತ್ತೆ. ಅದು ಮೋಸ ಅಲ್ಲ.

ಹಳೇ ವೈರ್‌ಮನ್‌ಗಳು ‘ಮೂರು ಇಪ್ಪತ್ತು, ಏಳು ಇಪ್ಪತ್ತು’ ಅನ್ನುತ್ತಾರೆ. ಏಳು ಇಪ್ಪತ್ತು ಅಂದರೆ 20ನೇ ಗೇಜಿನ 7 ಎಳೆ. ಸುಮಾರು ನಾಲ್ಕೂವರೆ ಚದರ ಮಿಲಿಮೀಟರ್ ಆಗುತ್ತೆ. ಮೂರು ಇಪ್ಪತ್ತು ಅಂದರೆ ಸುಮಾರು ಎರಡು. ಗೇಜು ನೂಲಿನ ನಂಬರಿನ ಹಾಗೆ. ನಂಬರ್ ಹೆಚ್ಚಾದಷ್ಟೂ ಎಳೆ ಸಣ್ಣ.

ಈಗ ಲೆಕ್ಕ

ದೂರವನ್ನು ಆಂಪಿಯರಿನಿಂದ ಗುಣಿಸಿ. ಉತ್ತರ 100 ಬಂದರೆ ತಾಮ್ರದ ವೈರಿನಲ್ಲಿ ಸುಮಾರು ಇಷ್ಟು ವೋಲ್ಟ್ ನಷ್ಟ. ವೋಲ್ಟನ್ನು ರೂಪಾಯಿ ಅಂತ ತಿಳಿಯಿರಿ. ನೂರರಲ್ಲಿ ಒಂದು ಪಾಲನ್ನು ಪೈಸೆ ಅಂತ ತಿಳಿಯಿರಿ. ಹೋಗುವ ವೈರು ಬರುವ ವೈರು ಎರಡರ ನಷ್ಟವನ್ನೂ ಇದರಲ್ಲೇ ಸೇರಿಸಿದೆ.

1.5ರ ವೈರು: 2 ರೂಪಾಯಿ 66 ಪೈಸೆ
2.5ರ ವೈರು: 1 ರೂಪಾಯಿ 60 ಪೈಸೆ
4ರ ವೈರು: 1 ರೂಪಾಯಿ
6ರ ವೈರು: 66 ಪೈಸೆ
10ರ ವೈರು: 38 ಪೈಸೆ

ಇದರಲ್ಲಿ 4ರ ವೈರು ನೆನಪಿಡುವುದು ಸುಲಭ. ನೂರಕ್ಕೆ ಒಂದು ರೂಪಾಯಿ.

ಎಷ್ಟು ನಷ್ಟ ಆಗಬಹುದು? ನೂರಕ್ಕೆ ಮೂರು. ಅದಕ್ಕಿಂತ ಹೆಚ್ಚಾಗದಿದ್ದರೆ ಒಳ್ಳೆಯದು. 18 ರೂಪಾಯಿಗೆ ನೂರಕ್ಕೆ ಮೂರರ ಬಡ್ಡಿ ಎಷ್ಟು? ಮೂರು ಹದಿನೆಂಟಲೆ 54. ಅಂದರೆ 54 ಪೈಸೆ.

ನಮ್ಮ ಎರಡು ಪ್ಯಾನೆಲಿಗೆ ಬರೋಣ. ದೂರ 12 ಮೀಟರ್. ಕರೆಂಟು 11 ಆಂಪಿಯರ್. ಗುಣಿಸಿದರೆ 132. ನಾಲ್ಕರ ವೈರು ಹಾಕಿದರೆ ನಷ್ಟ 1 ರೂಪಾಯಿ 32 ಪೈಸೆ. ನಾವು ಒಪ್ಪುವುದು 54 ಪೈಸೆ. ಎರಡು ಪಟ್ಟಿಗಿಂತ ಹೆಚ್ಚಾಯಿತು! ಮನೆ ದೀಪಕ್ಕೆ ಹಾಕುವ ಒಂದೂವರೆಯ ವೈರು ಹಾಕಿದರಂತೂ ಮೂರೂವರೆ ರೂಪಾಯಿ ನಷ್ಟ. ಹತ್ತರ ವೈರು ಹಾಕಿದರೆ 50 ಪೈಸೆ. ಅದು ಸರಿ.

ಆದರೆ ಹತ್ತರ ತಾಮ್ರದ ವೈರು 24 ಮೀಟರ್ ಕೊಳ್ಳುವುದು ಹಗುರದ ಮಾತಲ್ಲ. ಬೇರೆ ದಾರಿ ಇದೆ. ಕಂಟ್ರೋಲರ್ ಮತ್ತು ಬ್ಯಾಟರಿಯನ್ನು ಪ್ಯಾನೆಲಿನ ಹತ್ತಿರದ ಕೋಣೆಗೆ ತನ್ನಿ. ದೂರ 5 ಮೀಟರ್ ಆಯಿತು ಅನ್ನಿ. ಐದು ಹನ್ನೊಂದಲೆ 55. ನಾಲ್ಕರ ವೈರಿನಲ್ಲಿ 55 ಪೈಸೆ ನಷ್ಟ. ಒಂದು ಪೈಸೆ ಹೆಚ್ಚು. ಪರವಾಗಿಲ್ಲ. ಬ್ಯಾಟರಿ ಇಡುವ ಜಾಗ ಬದಲಾಯಿಸಿದ್ದಕ್ಕೆ ಎಷ್ಟು ದುಡ್ಡು ಉಳಿಯಿತು ನೋಡಿ. ವೈರ್‌ಮನ್ ಬಂದು ಎಲ್ಲಾ ಮೊಳೆ ಹೊಡೆದ ಮೇಲೆ ಈ ಮಾತು ಹೇಳಿದರೆ ಆಗುವುದಿಲ್ಲ. ಮೊದಲೇ ಹೇಳಬೇಕು.

ಆಸಿಡ್ ಬ್ಯಾಟರಿಯನ್ನು ಒಲೆ ಹತ್ತಿರ ಮಾತ್ರ ಇಡಬೇಡಿ. ಅದು ಚಾರ್ಜ್ ಆಗುವಾಗ ಬೆಂಕಿ ಹತ್ತುವ ಗಾಳಿ ಬಿಡುತ್ತೆ. ಗಾಳಿಯಾಡುವ ಜಾಗ ಬೇಕು. ಮಕ್ಕಳ ಕೈಗೆ ಸಿಗಬಾರದು.

‘ಪ್ಯಾನೆಲ್ 18 ಕೊಡುತ್ತೆ, ಬ್ಯಾಟರಿ 12 ತಾನೇ?’

ಕೆಲವರು ಹೀಗೆ ವಾದ ಮಾಡುತ್ತಾರೆ. ‘ಆರು ವೋಲ್ಟ್ ಉಳಿತಲ್ಲ. ಅದರಲ್ಲಿ ಒಂದೋ ಎರಡೋ ಹೋದರೆ ಏನಂತೆ?’ ಕೇಳಿದರೆ ಹೌದು ಅನ್ನಿಸುತ್ತೆ. ಸರಿ ಅಲ್ಲ.

12 ವೋಲ್ಟ್ ಅನ್ನುವ ಬ್ಯಾಟರಿ ತುಂಬಬೇಕಾದರೆ 14 ವೋಲ್ಟ್ 40 ಪೈಸೆಯವರೆಗೆ ಏರಿಸಬೇಕು. ಚೀಟಿಯಲ್ಲಿ ಬರೆದ 18 ವೋಲ್ಟ್ ಪ್ಯಾನೆಲ್ 25 ಡಿಗ್ರಿ ತಂಪಿನಲ್ಲಿ ಇದ್ದಾಗಿನದು. ನಮ್ಮ ರಾಯಚೂರು, ಕಲಬುರಗಿ ಬಿಸಿಲಿನಲ್ಲಿ ಪ್ಯಾನೆಲ್ 60 ಡಿಗ್ರಿ ಕಾಯುತ್ತೆ. ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಕೈ ಸುಡುತ್ತೆ. ಪ್ಯಾನೆಲಿಗೆ ಬೆಳಕು ಬೇಕು, ಬಿಸಿ ಬೇಡ. ಅಷ್ಟು ಕಾದಾಗ 18 ವೋಲ್ಟ್ ಹದಿನೈದೂವರೆ, ಹದಿನಾರಕ್ಕೆ ಇಳಿಯುತ್ತೆ.

ಈಗ ಕಳೆಯಿರಿ. ಹದಿನೈದೂವರೆಯಲ್ಲಿ ವೈರಿನ ನಷ್ಟ 1 ರೂಪಾಯಿ 32 ಪೈಸೆ ಕಳೆದರೆ 14 ರೂಪಾಯಿ 18 ಪೈಸೆ. ಬೇಕಾದದ್ದು 14 ರೂಪಾಯಿ 40 ಪೈಸೆ. ಸಾಲಲಿಲ್ಲ. ಬ್ಯಾಟರಿ ಮುಕ್ಕಾಲು ತುಂಬುತ್ತೆ. ಪೂರಾ ತುಂಬುವುದು ನಿಧಾನ. ಅಷ್ಟರಲ್ಲಿ ಸಂಜೆಯಾಗುತ್ತೆ. ದಿನಾ ಹೀಗೆ ಅರೆಹೊಟ್ಟೆಯಲ್ಲಿ ಇದ್ದ ಆಸಿಡ್ ಬ್ಯಾಟರಿಯ ಒಳಗಿನ ಸೀಸದ ತಗಡಿನ ಮೇಲೆ ಬೆಳ್ಳನೆ ಪುಡಿ ಗಟ್ಟಿಯಾಗುತ್ತೆ. ಒಮ್ಮೆ ಗಟ್ಟಿಯಾದರೆ ಹೋಗುವುದಿಲ್ಲ. ಬ್ಯಾಟರಿ ಆಯುಸ್ಸು ಮುಗಿಯಿತು. ಸೋಲಾರಿನಲ್ಲಿ ಪ್ಯಾನೆಲ್ 25 ವರ್ಷ ಬಾಳುತ್ತೆ. ಬ್ಯಾಟರಿಯೇ ಮತ್ತೆ ಮತ್ತೆ ಕೊಳ್ಳಬೇಕಾದ್ದು. ವೈರಿನಲ್ಲಿ ಉಳಿಸಿದ ದುಡ್ಡು ಬ್ಯಾಟರಿಯಲ್ಲಿ ಹೋಗುತ್ತೆ.

ವೈರು ಕಾದಾಗ ಅದರ ನಷ್ಟವೂ ಸ್ವಲ್ಪ ಹೆಚ್ಚುತ್ತೆ. 10 ಡಿಗ್ರಿ ಬಿಸಿ ಏರಿದರೆ ನೂರಕ್ಕೆ ನಾಲ್ಕು ಪಾಲು. ಅದಕ್ಕೇ ಲೆಕ್ಕದಲ್ಲಿ ಎರಡು ಅಳತೆಯ ನಡುವೆ ಬಂದರೆ ದೊಡ್ಡದನ್ನೇ ತಗೊಳ್ಳಿ.

ಮನೆ ಒಳಗಿನ ವೈರು

ಇದು ಸುಲಭ. 9 ವ್ಯಾಟಿನ ಎಲ್‌ಇಡಿ ದೀಪಕ್ಕೆ 12 ವೋಲ್ಟಿನಲ್ಲಿ ಮುಕ್ಕಾಲು ಆಂಪಿಯರ್ ಬೇಕು. ಅಡುಗೆ ಮನೆ 10 ಮೀಟರ್ ದೂರ. ಗುಣಿಸಿದರೆ ಏಳೂವರೆ. ಒಂದೂವರೆಯ ವೈರಿನಲ್ಲಿ ನಷ್ಟ 20 ಪೈಸೆ. 12 ರೂಪಾಯಿಗೆ ನೂರಕ್ಕೆ ಮೂರು ಅಂದರೆ 36 ಪೈಸೆ. ಆದ್ದರಿಂದ ಸಾಕು. 24 ವ್ಯಾಟಿನ ಫ್ಯಾನಿಗೆ 2 ಆಂಪಿಯರ್. ಅದೇ ದೂರಕ್ಕೆ ಒಂದೂವರೆಯ ವೈರಿನಲ್ಲಿ 53 ಪೈಸೆ ಹೋಗುತ್ತೆ. ಎರಡೂವರೆಯದು ಹಾಕಿದರೆ 32 ಪೈಸೆ. ಫ್ಯಾನಿಗೆ ಎರಡೂವರೆಯೇ ಇರಲಿ. ಒಂದೇ ವೈರಿನಲ್ಲಿ ನಾಲ್ಕು ದೀಪ, ಒಂದು ಫ್ಯಾನು ಪೋಣಿಸಿದರೆ ಎಲ್ಲದರ ಆಂಪಿಯರ್ ಕೂಡಿ ಲೆಕ್ಕ ಹಾಕಬೇಕು.

ಕಂಟ್ರೋಲರಿನಿಂದ ಬ್ಯಾಟರಿಗೆ ಹೋಗುವ ವೈರು ಮಾತ್ರ ಬಹಳ ಗಿಡ್ಡ ಇರಬೇಕು. ಒಂದು ಮೀಟರ್, ಒಂದೂವರೆ ಮೀಟರ್. ಬ್ಯಾಟರಿ ತುಂಬಿದೆಯೋ ಇಲ್ಲವೋ ಅಂತ ಕಂಟ್ರೋಲರ್ ಈ ವೈರಿನ ಮೂಲಕವೇ ನೋಡುತ್ತೆ. ವೈರು ಸಣ್ಣದಾದರೆ ಅದರ ಕಣ್ಣು ಮಂಜಾಗುತ್ತೆ. ತುಂಬುವ ಮೊದಲೇ ತುಂಬಿತು ಅಂತ ತಿಳಿದು ಚಾರ್ಜ್ ಕಡಿಮೆ ಮಾಡುತ್ತೆ.

ಮಿಕ್ಸಿ ಓಡಿಸಲು ಇನ್ವರ್ಟರ್ ಹಾಕಿದ್ದೀರಾ? 500 ವ್ಯಾಟಿನ ಮಿಕ್ಸಿ 12 ವೋಲ್ಟ್ ಬ್ಯಾಟರಿಯಿಂದ 40 ಆಂಪಿಯರಿಗೂ ಹೆಚ್ಚು ಎಳೆಯುತ್ತೆ. ಇನ್ವರ್ಟರ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಅದರ ಜೊತೆ ಕಂಪನಿಯವರು ಕೊಟ್ಟ ಹೆಬ್ಬೆರಳಿನಂಥ ವೈರನ್ನು ತೆಗೆದು ಸಣ್ಣದು ಹಾಕಬೇಡಿ. ಉದ್ದ ಮಾಡಲೂಬೇಡಿ. ಇನ್ವರ್ಟರಿನಿಂದ ಆಚೆಗೆ 230 ವೋಲ್ಟ್. ಅಲ್ಲಿಂದ ಅಡುಗೆ ಮನೆಗೆ ಮಾಮೂಲಿ ವೈರು ನಡೆಯುತ್ತೆ.

ಬೆಂಕಿಯ ಮಾತು

ಇಲ್ಲಿಯವರೆಗೆ ನಷ್ಟದ ಲೆಕ್ಕ ನೋಡಿದೆವು. ಇನ್ನೊಂದು ಲೆಕ್ಕ ಇದೆ. ವೈರು ಸುಡದೆ ಎಷ್ಟು ಆಂಪಿಯರ್ ತಡೆಯುತ್ತೆ? ಪ್ಯಾನೆಲಿನ ಚೀಟಿಯಲ್ಲಿ ತಾಗಿದಾಗಿನ ಆಂಪಿಯರ್ ಇತ್ತಲ್ಲ, ಅದನ್ನು ಇಲ್ಲಿ ಹಿಡಿಯಬೇಕು. ಒಂದಕ್ಕೆ 6, ಎರಡಕ್ಕೆ 12. ಅದಕ್ಕೆ ಕಾಲು ಭಾಗ ಸೇರಿಸಿ. 12ರ ಕಾಲು 3. ಒಟ್ಟು 15. ನಾಲ್ಕರ ತಾಮ್ರದ ವೈರು 15 ಆಂಪಿಯರನ್ನು ಆರಾಮಾಗಿ ತಡೆಯುತ್ತೆ. ನೋಡಿ, ಸುಡುವ ಲೆಕ್ಕದಲ್ಲಿ ನಾಲ್ಕರ ವೈರು ಪಾಸಾಯಿತು. 12 ಮೀಟರಿನ ನಷ್ಟದ ಲೆಕ್ಕದಲ್ಲಿ ಫೇಲಾಯಿತು. ಎರಡೂ ಪರೀಕ್ಷೆ ಮಾಡಬೇಕು. ‘ಈ ವೈರು ಇಪ್ಪತ್ತು ಆಂಪಿಯರ್ ತಡೆಯುತ್ತೆ ಅಮ್ಮಾ’ ಅಂತ ಅಂಗಡಿಯವನು ಹೇಳಿದರೆ ಅದು ಅರ್ಧ ಉತ್ತರ.

ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಫ್ಯೂಸು ಇರಬೇಕು. ಬ್ಯಾಟರಿಯ ಎರಡು ತುದಿ ತಾಗಿದರೆ ನೂರಾರು ಆಂಪಿಯರ್ ನುಗ್ಗುತ್ತೆ. 12 ವೋಲ್ಟ್ ನಮಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ವೈರನ್ನು ಕೆಂಪಗೆ ಕಾಯಿಸುತ್ತೆ. ಫ್ಯೂಸು ಇರುವುದು ವೈರನ್ನು ಕಾಯಲಿಕ್ಕೆ. ವೈರು ತಡೆಯುವುದಕ್ಕಿಂತ ಫ್ಯೂಸಿನ ನಂಬರ್ ಕಡಿಮೆ ಇರಬೇಕು. ಫ್ಯೂಸು ಹೋಯಿತು ಅಂತ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತುವವರನ್ನು ಮನೆಗೆ ಸೇರಿಸಬೇಡಿ.

ಸೋಲಾರ್ ಕರೆಂಟು ಡಿಸಿ. ಮನೆ ಕರೆಂಟು ಎಸಿ. ಎಸಿ ಕರೆಂಟು ಒಂದು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ. ಸ್ವಿಚ್ ತೆಗೆದಾಗ ಹಾರಿದ ಕಿಡಿ ಆ ಸೊನ್ನೆಯಲ್ಲಿ ಆರಿಹೋಗುತ್ತೆ. ಡಿಸಿಗೆ ಆ ಸೊನ್ನೆ ಇಲ್ಲ. ಕಿಡಿ ಹಿಡಿದರೆ ಹಿಡಿದೇ ಇರುತ್ತೆ. ಆದ್ದರಿಂದ ಪ್ಯಾನೆಲಿನ ಕಡೆ ಡಿಸಿಗೆ ಅಂತ ಮಾಡಿದ ಸ್ವಿಚ್ಚೇ ಬೇಕು. ಬಿಸಿಲಿರುವಾಗ ಮೇಲಿನ ಕನೆಕ್ಟರನ್ನು ಎಳೆದು ಬಿಚ್ಚಬಾರದು.

ಹೊರಗೆ ಬಿಸಿಲಲ್ಲಿ ಇರುವ ವೈರು ಸೋಲಾರಿಗೆಂದೇ ಮಾಡಿದ್ದು ಇರಲಿ. ಮನೆ ಒಳಗಿನ ಪಿವಿಸಿ ವೈರಿನ ಸಿಪ್ಪೆ ಬಿಸಿಲಿಗೆ ಒಡೆಯುತ್ತೆ. ವೈರಿನ ಮೇಲೇ ಅಂಕಿ ಅಚ್ಚು ಹಾಕಿರುತ್ತಾರೆ, ಓದಿ. ಮನೆ ಒಳಗಿನ ಪಿವಿಸಿ ವೈರಿಗೆ ಐಎಸ್ 694. ಸೋಲಾರ್ ವೈರಿಗೆ ಐಎಸ್ 17293. ಈ ಎರಡನೆಯದು 2020ರಲ್ಲಿ ಬಂದ ಅಳತೆಗೋಲು. ಅಕ್ಷರ ಕಲಿತದ್ದಕ್ಕೆ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆ ಉಪಯೋಗ ಬೇರೆ ಬೇಕೇ?

ದೊಡ್ಡ ಸೋಲಾರ್

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ಶುರು ಮಾಡಿತು. ಮನೆ ಮೇಲೆ ಪ್ಯಾನೆಲ್ ಹಾಕಿ, ಉಳಿದ ಕರೆಂಟನ್ನು ಲೈನಿಗೆ ಕೊಡುವುದು. 1 ಕಿಲೋವ್ಯಾಟಿಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಅದಕ್ಕೂ ಮೇಲೆ 78,000 ರೂಪಾಯಿ ಸಹಾಯಧನ ಇಟ್ಟರು.

ಇದರಲ್ಲಿ ಪ್ಯಾನೆಲನ್ನು ಜೋಡಿ ಎತ್ತಿನ ಹಾಗೆ ಕಟ್ಟುವುದಿಲ್ಲ. ರೈಲು ಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸುತ್ತಾರೆ. ಆಗ ವೋಲ್ಟ್ ಕೂಡುತ್ತೆ, ಆಂಪಿಯರ್ ಇದ್ದಷ್ಟೇ ಇರುತ್ತೆ. 41 ವೋಲ್ಟಿನ 6 ಪ್ಯಾನೆಲ್ ಅಂದರೆ 246 ವೋಲ್ಟ್. ಕರೆಂಟು 13 ಆಂಪಿಯರ್. ದೂರ 20 ಮೀಟರ್. ಗುಣಿಸಿದರೆ 260. ನಾಲ್ಕರ ವೈರಿನಲ್ಲಿ ನಷ್ಟ 2 ರೂಪಾಯಿ 60 ಪೈಸೆ. 246ರಲ್ಲಿ ಅದು ನೂರಕ್ಕೆ ಒಂದು ಮಾತ್ರ. ಪ್ಯಾನೆಲ್ ದೊಡ್ಡದು, ದೂರ ಹೆಚ್ಚು, ಆದರೂ ನಾಲ್ಕರ ವೈರೇ ಸಾಕಾಯಿತು! ವೋಲ್ಟ್ ಏರಿಸಿದರೆ ವೈರು ಉಳಿಯುತ್ತೆ. ಆದರೆ 246 ವೋಲ್ಟ್ ಡಿಸಿ ಜೀವ ತೆಗೆಯುತ್ತೆ. ಸೂರ್ಯ ಇರುವವರೆಗೆ ಅದನ್ನು ಆರಿಸಲು ಆಗದು. ಮೇನ್ ಸ್ವಿಚ್ ತೆಗೆದರೂ ಮೇಲಿನ ವೈರಿನಲ್ಲಿ ಕರೆಂಟು ಇದ್ದೇ ಇರುತ್ತೆ. ಬಟ್ಟೆ ಒಣಗಿಸಲು ಆ ವೈರಿನ ಹತ್ತಿರ ಹೋಗಬೇಡಿ. ಇದು ಲೈಸೆನ್ಸ್ ಇರುವವರ ಕೆಲಸ.

ಸಣ್ಣ 12 ವೋಲ್ಟ್ ಕೆಲಸ ಹಾಗಲ್ಲ. ರಾಜಸ್ಥಾನದ ತಿಲೋನಿಯಾ ಊರಿನಲ್ಲಿ 1972ರಲ್ಲಿ ಶುರುವಾದ ಬೇರ್‌ಫುಟ್ ಕಾಲೇಜ್ ಇದೆ. ಅಲ್ಲಿ ಓದು ಬಾರದ ಅಜ್ಜಿಯರು ಆರು ತಿಂಗಳು ಕಲಿತು ಸೋಲಾರ್ ದೀಪ ಕೂರಿಸುವ, ರಿಪೇರಿ ಮಾಡುವ ಕೆಲಸ ಮಾಡಿದ್ದಾರೆ. ಆಫ್ರಿಕಾ ದೇಶಗಳಿಂದಲೂ ಹೆಂಗಸರು ಬಂದು ಕಲಿತು ಹೋಗಿದ್ದಾರೆ. ಅವರಿಗೆ ನಮ್ಮ ಭಾಷೆ ಬಾರದು. ಬಣ್ಣ ನೋಡಿ, ಕೈ ಸನ್ನೆ ನೋಡಿ ಕಲಿತರು.

ನೀವೇ ಪರೀಕ್ಷೆ ಮಾಡಿ

ಮಲ್ಟಿಮೀಟರ್ ಅಂತ ಒಂದು ಸಣ್ಣ ಯಂತ್ರ ಬರುತ್ತೆ. ಕೆಲವು ನೂರು ರೂಪಾಯಿ. ಸಂಘಕ್ಕೆ ಒಂದು ಇದ್ದರೆ ಊರಿಗೆಲ್ಲಾ ಆಗುತ್ತೆ. ಅದರ ಮುಳ್ಳನ್ನು ಡಿಸಿ 20 ವೋಲ್ಟ್ ಜಾಗಕ್ಕೆ ತಿರುಗಿಸಿ. ಈ ಪರೀಕ್ಷೆ 12 ವೋಲ್ಟ್ ದೀಪಕ್ಕೆ ಮಾತ್ರ. 230ರ ಹತ್ತಿರ ಬೇಡ.

ರಾತ್ರಿ ಎಲ್ಲಾ ದೀಪ, ಫ್ಯಾನು ಹಾಕಿ. ಬ್ಯಾಟರಿಯ ಎರಡು ತುದಿಗೆ ಕೆಂಪು ಕಡ್ಡಿ, ಕಪ್ಪು ಕಡ್ಡಿ ಮುಟ್ಟಿಸಿ ಅಂಕಿ ಬರೆದುಕೊಳ್ಳಿ. 12.40 ಬಂತು ಅನ್ನಿ. ಆಮೇಲೆ ಅಡುಗೆ ಮನೆ ದೀಪದ ಹತ್ತಿರ ವೈರಿನ ತುದಿಗೆ ಮುಟ್ಟಿಸಿ. 12.20 ಬಂದರೆ 20 ಪೈಸೆ ನಷ್ಟ. ಸರಿಯಾಗಿದೆ. 11.60 ಬಂದರೆ 80 ಪೈಸೆ ನಷ್ಟ. ಎಲ್ಲೋ ತಪ್ಪಿದೆ.

ಆಗ ಕೂಡಲೇ ವೈರು ಬದಲಾಯಿಸಲು ಹೋಗಬೇಡಿ. ಮೊದಲು ಜಾಯಿಂಟು ನೋಡಿ. ಎರಡು ವೈರು ಹೊಸೆದು ಟೇಪು ಸುತ್ತಿದ ಜಾಗ, ಸಡಿಲವಾದ ಸ್ಕ್ರೂ, ಬ್ಯಾಟರಿ ತುದಿಯಲ್ಲಿ ಬೆಳ್ಳಗೆ, ಹಸಿರಾಗಿ ಕಟ್ಟಿದ ಕಿಲುಬು. ಒಣಗಿದ ಬೆರಳಲ್ಲಿ ಜಾಯಿಂಟಿನ ಹೊರಗಿನ ಟೇಪು ಮುಟ್ಟಿ. ವೈರಿಗಿಂತ ಜಾಯಿಂಟು ಹೆಚ್ಚು ಬಿಸಿ ಇದ್ದರೆ ಕಳ್ಳ ಅಲ್ಲೇ ಇದ್ದಾನೆ. ದೀಪ, ಫ್ಯಾನು ಎಲ್ಲಾ ಆರಿಸಿ, ಫ್ಯೂಸು ತೆಗೆದು, ಸ್ಕ್ರೂ ಬಿಗಿ ಮಾಡಿ. ಕಿಲುಬು ಒರೆಸಿ, ಸ್ವಲ್ಪ ವ್ಯಾಸಲೀನ್ ಸವರಿ. ಫ್ಯೂಸು ಹಾಕಿ ಮತ್ತೆ ಅಳೆಯಿರಿ. ಆಗಲೂ 36 ಪೈಸೆಗಿಂತ ಹೆಚ್ಚು ಬಂದರೆ, ಬರೆದುಕೊಂಡ ಎರಡು ಅಂಕಿಯನ್ನೂ ವೈರ್‌ಮನ್‌ಗೆ ತೋರಿಸಿ, ವೈರು ಎಷ್ಟರದು ಅಂತ ಕೇಳಿ.